ಬರೆ ಹಾಕಿದ ಕೈ

ಒಂದು ಸಿನಿಮಾಕ್ಕೆ ಯಾರ ಹೆಸರು ಇಡುತ್ತಾರೆ? ನಾಯಕನದು, ಇಲ್ಲಾ ನಾಯಕಿಯದು. ಜಪಾನಿನ ಕೆಂಜಿ ಮಿಜೊಗುಚಿ 1954ರಲ್ಲಿ ಮಾಡಿದ ಸಿನಿಮಾಕ್ಕೆ ಇಟ್ಟಿರುವುದು ಜೀತದಾಳುಗಳ ಬೆನ್ನು ಮುರಿದು ದುಡಿಸಿಕೊಂಡವನ ಹೆಸರು: 'ಸಂಶೊ ದಾಯು'. ಇಂಗ್ಲಿಷಿನವರು ದಾಯು ಎಂಬುದನ್ನು ಬೇಲಿಫ್ ಎಂದು ತರ್ಜುಮೆ ಮಾಡಿದ್ದಾರೆ. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಪಾರುಪತ್ಯಗಾರ ಎಂಬ ಮಾತು ನಮ್ಮ ಬಾಯಲ್ಲೇ ಇದೆ. ಭೂಮಿಯ ಒಡೆಯ ರಾಜಧಾನಿಯಲ್ಲಿ ರೇಷ್ಮೆ ಉಟ್ಟುಕೊಂಡು ಕೂತಿರುತ್ತಾನೆ. ಅವನ ಕಣ್ಣಿಗೆ ರಕ್ತ ಬೀಳುವುದಿಲ್ಲ. ಲೆಕ್ಕ ಮಾತ್ರ ಬೀಳುತ್ತದೆ. ರಕ್ತವನ್ನು ಲೆಕ್ಕವಾಗಿ ಮಾಡಿ ಕಳಿಸುವವನು ಪಾರುಪತ್ಯಗಾರ.

ಹೆಸರು ಇಟ್ಟವರು ಮಿಜೊಗುಚಿ ಅಲ್ಲ. ಅದು ನೂರಾರು ವರ್ಷ ಜನ ಹೇಳಿಕೊಂಡು ಬಂದ ಕತೆಯ ಹೆಸರು. ಆದರೂ ಆ ಹೆಸರನ್ನು ಬದಲಿಸದೆ ಉಳಿಸಿಕೊಂಡದ್ದು ಸರಿಯಾಗಿದೆ ಎಂದು ನಮಗೆ ಅನ್ನಿಸುತ್ತದೆ. ಯಾಕೆಂದರೆ ಈ ಸಿನಿಮಾದ ಪ್ರಶ್ನೆ ಒಳ್ಳೆಯವರು ಹೇಗೆ ಬದುಕಿದರು ಎಂಬುದಲ್ಲ. ಸಂಶೊ ಎಂಬುವನು ಹೇಗೆ ತಯಾರಾಗುತ್ತಾನೆ, ಅವನು ಹೋದಮೇಲೂ ಅವನ ಜಾಗ ಖಾಲಿಯಾಗುತ್ತದೆಯೇ ಎಂಬುದು.

ಕತೆ ನಡೆಯುವುದು 11ನೆಯ ಶತಮಾನದಲ್ಲಿ, ಜಪಾನಿನವರು ಹೇಯಾನ್ ಎಂದು ಕರೆಯುವ ಕಾಲದ ಕೊನೆಯಲ್ಲಿ. ಮುತ್ಸು ಎಂಬ ಸೀಮೆಯ ಅಧಿಕಾರಿ ಮಸಾವುಜಿ ರೈತರ ಪರ ನಿಂತು ಮೇಲಿನವರ ಆಜ್ಞೆಗೆ ಅಡ್ಡ ಬರುತ್ತಾನೆ. ಅವನನ್ನು ದೂರದ ತ್ಸುಕುಶಿಗೆ ಗಡಿಪಾರು ಮಾಡುತ್ತಾರೆ. ಹೋಗುವ ಮುಂಚೆ ಮಗ ಜುಶಿಯೊಗೆ ಮಾತು ಹೇಳಿಕೊಡುತ್ತಾನೆ: ಕರುಣೆ ಇಲ್ಲದವನು ಮೃಗ, ನಿನ್ನ ಮೇಲೆ ನೀನು ಕಠಿಣವಾಗಿರು, ಬೇರೆಯವರ ಮೇಲೆ ಕನಿಕರವಿರಲಿ, ಮನುಷ್ಯರೆಲ್ಲ ಸಮ. ಒಂದು ಪುಟ್ಟ ಕನ್ನೊನ್ ವಿಗ್ರಹವನ್ನೂ ಕೊಡುತ್ತಾನೆ. ಕನ್ನೊನ್ ಎಂದರೆ ಇಲ್ಲಿಂದ ಹೋದ ಅವಲೋಕಿತೇಶ್ವರನೇ. ಜಪಾನಿಗೆ ಹೋಗುವ ಹೊತ್ತಿಗೆ ತಾಯಿಯ ರೂಪ ಪಡೆದ ಕರುಣೆಯ ದೈವ.

ವರ್ಷಗಳಾದ ಮೇಲೆ ತಾಯಿ ತಮಾಕಿ, ಮಗ ಜುಶಿಯೊ, ಮಗಳು ಅಂಜು, ಒಬ್ಬಳು ಆಳುಹೆಂಗಸು ಗಂಡನಿದ್ದಲ್ಲಿಗೆ ನಡೆದು ಹೊರಡುತ್ತಾರೆ. ರಾತ್ರಿ ತಂಗಲು ಜಾಗ ಕೊಟ್ಟ ಪೂಜಾರಿಣಿಯೇ ಮನುಷ್ಯರನ್ನು ಮಾರುವವರಿಗೆ ಇವರನ್ನು ಒಪ್ಪಿಸುತ್ತಾಳೆ. ಮಂಜು ಕವಿದ ನೀರಿನ ಮೇಲೆ ಎರಡು ದೋಣಿ ಎರಡು ದಿಕ್ಕಿಗೆ ಹೋಗುತ್ತವೆ. ತಾಯಿ ಸಾಡೊ ದ್ವೀಪದ ಸೂಳೆಮನೆಗೆ. ಮಕ್ಕಳು ತಾಂಗೊ ಸೀಮೆಯ ಸಂಶೊನ ಜೀತಕ್ಕೆ. ಆಳುಹೆಂಗಸು ನೀರುಪಾಲು. ಆಮೇಲೆ ಹತ್ತು ವರ್ಷ. ಅಂಜು ತನ್ನ ಜೀವ ಕೊಟ್ಟು ಅಣ್ಣನನ್ನು ಓಡಿಸುತ್ತಾಳೆ. ಅಣ್ಣ ರಾಜಧಾನಿಗೆ ಹೋಗಿ, ಅದೇ ತಾಂಗೊ ಸೀಮೆಗೆ ಅಧಿಕಾರಿಯಾಗಿ ಬಂದು, ಜೀತ ರದ್ದೆಂದು ಆಜ್ಞೆ ಹೊರಡಿಸಿ, ಸಂಶೊನನ್ನು ಹಿಡಿದು ಗಡಿಪಾರು ಮಾಡಿ, ಹುದ್ದೆಗೆ ರಾಜೀನಾಮೆ ಕೊಟ್ಟು, ತಾಯಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಕಡಲ ದಂಡೆಯಲ್ಲಿ ಕುರುಡಿಯಾದ ತಾಯಿ ಸಿಗುತ್ತಾಳೆ. ಎರಡು ಗಂಟೆಯ ಸಿನಿಮಾದ ಕತೆ ಇಷ್ಟು.

ಇದನ್ನು ಪಂಡಿತರು ಪ್ರಪಂಚದ ದೊಡ್ಡ ಸಿನಿಮಾಗಳ ಸಾಲಿನಲ್ಲಿ ಇಟ್ಟಿದ್ದಾರೆ. 1954ರ ವೆನಿಸ್ ಉತ್ಸವದಲ್ಲಿ ಬೆಳ್ಳಿ ಸಿಂಹ ಕೊಟ್ಟರು. ಕಜುವೊ ಮಿಯಾಗಾವಾ ಅವರ ಕ್ಯಾಮರಾ, ಫುಮಿಯೊ ಹಯಾಸಾಕಾ ಅವರ ಸಂಗೀತ, ತಾಯಿಯಾಗಿ ಕಿನುಯೊ ತನಕಾ, ಅಂಜುವಾಗಿ ಕ್ಯೋಕೊ ಕಗಾವಾ. ಹೊಗಳಿದವರು ಬಹಳ ಜನ. ನೀರು, ಮಂಜು, ಮರ, ನೆರಳು ಎಂದು ಪುಟಗಟ್ಟಲೆ ಬರೆದಿದ್ದಾರೆ. ಅದೆಲ್ಲ ಸುಳ್ಳಲ್ಲ. ಆದರೆ ಜೀತ ಅನ್ನುವ ಮಾತು ನಿಘಂಟಿನಲ್ಲಿ ಸಿಕ್ಕಿದವರು ನೋಡುವುದಕ್ಕೂ, ಆ ಮಾತು ಅಪ್ಪನ ಬೆನ್ನ ಮೇಲೆ ಸಿಕ್ಕಿದವರು ನೋಡುವುದಕ್ಕೂ ವ್ಯತ್ಯಾಸ ಇರಲೇಬೇಕಲ್ಲ. ಆ ವ್ಯತ್ಯಾಸವನ್ನು ಬರೆದಿಡುವುದು ನಮ್ಮ ಕೆಲಸ.

ನಾವು ಈ ಸಿನಿಮಾ ನೋಡಿದ್ದು ನಮ್ಮ ಕೇರಿಯ ಸಮುದಾಯ ಭವನದಲ್ಲಿ, ಗೋಡೆಗೆ ಬಿಳಿ ಪಂಚೆ ಕಟ್ಟಿ. ಇಂಗ್ಲಿಷ್ ಅಕ್ಷರ ಓದಬಲ್ಲ ಇಬ್ಬರು ಪಂಚೆಯ ಪಕ್ಕ ನಿಂತು ಮಾತು ಮಾತಿಗೂ ಕನ್ನಡ ಮಾಡಿ ಹೇಳುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಹೇಳುವುದು ಬೇಡವಾಯಿತು. ಹೆಂಗಸರು ತಾವೇ ಮುಂದೆ ಏನಾಗುತ್ತದೆ ಎಂದು ಹೇಳತೊಡಗಿದರು. ಪೂಜಾರಿಣಿ ನಗುತ್ತಾ ಗಂಜಿ ಕೊಟ್ಟಾಗಲೇ ಹಿಂದಿನ ಸಾಲಿನಿಂದ ಒಂದು ದನಿ: "ಬ್ಯಾಡ ಕಣವ್ವ, ಅವ್ಳ್ ಮನೆ ಅನ್ನ ಮುಟ್ಬ್ಯಾಡ." ಕತೆ ಅವರಿಗೆ ಹೊಸದಾಗಿರಲಿಲ್ಲ. ಊರು ಮಾತ್ರ ಹೊಸದು.

ಜುಶಿಯೊ ಬರೆ ಹಾಕುವ ಜಾಗಕ್ಕೆ ಬಂದಾಗ ಭವನ ಮೌನವಾಯಿತು. ಈ ಸಿನಿಮಾದ ಕರುಳು ಅಲ್ಲೇ ಇದೆ. ಅದನ್ನು ನಿಧಾನವಾಗಿ ನೋಡಬೇಕು.

ತಪ್ಪಿಸಿಕೊಂಡು ಸಿಕ್ಕಿಬಿದ್ದವರಿಗೆ ಕಾದ ಕಬ್ಬಿಣದಿಂದ ಹಣೆಗೆ ಬರೆ ಹಾಕುವುದು ಸಂಶೊನ ಪದ್ಧತಿ. ಮಕ್ಕಳು ಬಂದ ಹೊಸದರಲ್ಲಿ ಸಂಶೊ ತನ್ನ ಮಗ ತಾರೊಗೆ ಬರೆ ಹಾಕು ಎನ್ನುತ್ತಾನೆ. ತಾರೊ ಹಾಕುವುದಿಲ್ಲ. ಸಂಶೊ ತಾನೇ ಕಬ್ಬಿಣ ತೆಗೆದುಕೊಳ್ಳುತ್ತಾನೆ. ತಾರೊ ಆಮೇಲೆ ಆ ಮನೆಯ ಹೆಬ್ಬಾಗಿಲು ದಾಟಿ ಹೊರಟೇ ಹೋಗುತ್ತಾನೆ, ಮುಂದೆ ಸನ್ಯಾಸಿಯಾಗುತ್ತಾನೆ. ಹತ್ತು ವರ್ಷದ ಮೇಲೆ ಅದೇ ಅಂಗಳ, ಅದೇ ಬೆಂಕಿ. ಓಡಿಹೋಗಲು ನೋಡಿದ ಮುದುಕನೊಬ್ಬನನ್ನು ಹಿಡಿದು ತಂದಿದ್ದಾರೆ. ಈ ಸಲ ಕಬ್ಬಿಣ ಹಿಡಿದು ಬರುವವನು ಜುಶಿಯೊ. ಕರುಣೆ ಇಲ್ಲದವನು ಮೃಗ ಎಂದು ಬಾಯಿಪಾಠ ಮಾಡಿದ್ದ ಹುಡುಗ. ಬರೆ ಚರ್ಮಕ್ಕೆ ತಾಗುವುದನ್ನು ಮಿಜೊಗುಚಿ ತೋರಿಸುವುದಿಲ್ಲ. ಕಿರುಚಿದ್ದು ಕೇಳಿಸುತ್ತದೆ ಅಷ್ಟೇ.

ನಮ್ಮ ಪೈಕಿ ಎಲ್ಲರಿಗಿಂತ ಹಿರಿಯಳಾದ ದೊಡ್ಡವ್ವ ಕೇಳಿದಳು: "ಬರೆ ಹಾಕ್ದೋನು ಯಾರ್ ಮಗ ಲಾ?"

"ಅದೇ ದೊಡ್ಡವ್ವ, ದೋಣೀಲಿ ಕಿತ್ಕಂಡೋದ್ರಲ್ಲ, ಆ ತಾಯಿ ಮಗ."

"ಅಂಗಾರೆ ಧಣಿ ಮಗ ಬರೆ ಹಾಕ್ನಿಲ್ಲ, ಜೀತದ ಮಗ ಹಾಕ್ದ?"

"ಊಂ."

"ಸರಿ ಬುಡು. ಅಂಗೇ ಅದು."

ಅಂಗೇ ಅದು ಎನ್ನುವ ಎರಡು ಮಾತಿನಲ್ಲಿ ಇರುವುದನ್ನು ಬಿಡಿಸಿ ಹೇಳಬೇಕು. ತಾರೊ ಬರೆ ಹಾಕಲಾರೆ ಎನ್ನಬಲ್ಲ, ಯಾಕೆಂದರೆ ಅವನು ಪಾರುಪತ್ಯಗಾರನ ಮಗ. ಅವನಿಗೆ ಬಾಗಿಲು ತೆರೆದಿದೆ. ಅವನ ಒಳ್ಳೆಯತನವನ್ನು ನಾವು ಅಲ್ಲಗಳೆಯುವುದಿಲ್ಲ. ಮುಂದೆ ಜುಶಿಯೊ ಓಡಿಬಂದಾಗ ಆಶ್ರಯ ಕೊಡುವವನೂ ಅವನೇ. ಆದರೆ ಅವನು ಆಚೆ ಹೋದಮೇಲೆ ಹೆಬ್ಬಾಗಿಲು ಮುಚ್ಚುತ್ತದೆ, ಒಳಗೆ ಉಳಿದವರು ಉಳಿದೇ ಇರುತ್ತಾರೆ. ಜುಶಿಯೊಗೆ ಬಾಗಿಲಿಲ್ಲ. ಬರೆ ಹಾಕಿಸಿಕೊಳ್ಳುವವರ ಸಾಲಿನಲ್ಲಿ ನಿಲ್ಲಬೇಕು, ಇಲ್ಲಾ ಹಾಕುವವರ ಸಾಲಿಗೆ ಹೋಗಬೇಕು. ಮೂರನೆಯ ಸಾಲನ್ನು ಸಂಶೊ ಇಟ್ಟಿಲ್ಲ. ಒಡೆತನದ ಜಾಣತನ ಇರುವುದೇ ಅಲ್ಲಿ. ಅದು ತನ್ನ ಕೈ ಸುಟ್ಟುಕೊಳ್ಳುವುದಿಲ್ಲ. ಬರೆ ಬೀಳುವವರ ಮನೆಯಿಂದಲೇ ಒಂದು ಕೈ ಕಡ ತೆಗೆದುಕೊಳ್ಳುತ್ತದೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಜುಶಿಯೊ ಹುಟ್ಟಿದ್ದು ದೊಡ್ಡ ಮನೆತನದಲ್ಲಿ. ಕುಲದ ರಕ್ತ, ಸಂಸ್ಕಾರ, ಅಪ್ಪನ ಉಪದೇಶ, ಕೊರಳಲ್ಲಿ ದೈವ, ಎಲ್ಲವೂ ಇತ್ತು. ಹತ್ತು ವರ್ಷದ ಜೀತದಲ್ಲಿ ಅದೆಲ್ಲ ಕರಗಿಹೋಯಿತು. ದೈವದ ವಿಗ್ರಹವನ್ನೂ ಅವನು ಎಸೆಯುತ್ತಾನೆ, ಎತ್ತಿಟ್ಟುಕೊಳ್ಳುವವಳು ಅಂಜು. ಅಂದರೆ ಗುಣ ಹುಟ್ಟಿನಿಂದ ಬರುತ್ತದೆ ಎನ್ನುವ ಮಾತನ್ನು ಈ ಸಿನಿಮಾ ಒಂದೇ ಏಟಿಗೆ ಹೊಡೆದುಹಾಕಿದೆ. ಮೇಲಿನ ಮನೆಯ ಮಗುವನ್ನು ತಂದು ಹಟ್ಟಿಯಲ್ಲಿ ಹಾಕಿ, ಹೊಟ್ಟೆಗೆ ಕೊಡದೆ ಹತ್ತು ವರ್ಷ ದುಡಿಸಿ, ಆಮೇಲೆ ಸಂಸ್ಕಾರದ ಮಾತಾಡಿ ಎಂದು ಹೇಳಿದಂತಿದೆ. ಪಂಡಿತರು ಇದನ್ನು ಜುಶಿಯೊನ ಆತ್ಮದ ಪತನ ಎಂದು ಕರೆಯುತ್ತಾರೆ. ನಾವು ಕರೆಯುವುದು ಬೇರೆ. ಇದು ಆತ್ಮದ ವಿಚಾರ ಅಲ್ಲ, ನಿಂತ ಜಾಗದ ವಿಚಾರ.

ಇನ್ನು ಅಂಜು. ಕನ್ನಡದಲ್ಲಿ ಅಂಜು ಎಂದರೆ ಹೆದರು ಎಂದರ್ಥ. ಈ ಅಂಜು ಅಂಜಲಿಲ್ಲ. ಸಾಡೊ ದ್ವೀಪದಿಂದ ಹೊಸದಾಗಿ ಬಂದ ಕೊಹಗಿ ಎಂಬ ಹುಡುಗಿ ಕೆಲಸ ಮಾಡುತ್ತಾ ಒಂದು ಹಾಡು ಹಾಡಿಕೊಳ್ಳುತ್ತಾಳೆ. ಅದರಲ್ಲಿ ಜುಶಿಯೊ, ಅಂಜು ಎಂಬ ಎರಡು ಹೆಸರು. ಎಲ್ಲಿ ಕಲಿತೆ ಎಂದರೆ, ದ್ವೀಪದಲ್ಲಿ ಒಬ್ಬ ಹೆಂಗಸು ಹಾಡುತ್ತಿದ್ದಳು ಎನ್ನುತ್ತಾಳೆ. ತಪ್ಪಿಸಿಕೊಳ್ಳಲು ನೋಡಿದ್ದಕ್ಕೆ ಆ ಹೆಂಗಸಿನ ಕಾಲಿನ ನರ ಕತ್ತರಿಸಿದ್ದಾರೆ. ಕಾಲು ಹೋದರೂ ಹಾಡು ಕಡಲು ದಾಟಿದೆ. ನಮ್ಮ ಅವ್ವಂದಿರು ರಾಗಿ ಬೀಸುತ್ತಾ, ನಾಟಿ ಹಾಕುತ್ತಾ ಸತ್ತ ಮಕ್ಕಳ ಹೆಸರು ಸೇರಿಸಿ ಹಾಡುತ್ತಿದ್ದದ್ದನ್ನು ಕೇಳಿದವರಿಗೆ ಇದು ಸಿನಿಮಾದ ಚಮತ್ಕಾರ ಅನ್ನಿಸುವುದಿಲ್ಲ. ಕಾಗದ ಬರೆಯಲು ಅಕ್ಷರ ಇಲ್ಲದವರ ಕಾಗದ ಅದು.

ಕಾಯಿಲೆ ಬಿದ್ದ ನಮಿಜಿ ಎಂಬ ಹೆಂಗಸನ್ನು ಬೆಟ್ಟದಲ್ಲಿ ಎಸೆದು ಬಾ ಎಂದು ಜುಶಿಯೊನನ್ನು ಕಳಿಸುತ್ತಾರೆ. ದುಡಿಯಲಾಗದವಳಿಗೆ ಒಳಗೆ ಸಾಯುವ ಹಕ್ಕೂ ಇಲ್ಲ. ಜತೆಯಲ್ಲಿ ಅಂಜುವೂ ಹೋಗುತ್ತಾಳೆ. ಸಾಯುವವಳ ಮೇಲೆ ನೆರಳು ಮಾಡಲು ಅಣ್ಣ ತಂಗಿ ಒಂದು ಕೊಂಬೆ ಹಿಡಿದು ಎಳೆಯುತ್ತಾರೆ. ಕೊಂಬೆ ಮುರಿದು ಇಬ್ಬರೂ ಬೀಳುತ್ತಾರೆ. ಸಿನಿಮಾದ ಮೊದಲಲ್ಲಿ, ತಾಯಿಯ ಜತೆ ಇದ್ದಾಗ, ರಾತ್ರಿ ಮಲಗುವ ಗುಡಿಸಲಿಗೆ ಕೊಂಬೆ ಮುರಿಯುತ್ತಾ ಹೀಗೇ ಇಬ್ಬರೂ ಬಿದ್ದಿದ್ದರು. ಜುಶಿಯೊಗೆ ನೆನಪು ಬರುವುದು ಅಪ್ಪನ ಉಪದೇಶದಿಂದ ಅಲ್ಲ. ಕೆಲಸ ಮಾಡುವಾಗ ಮೈಗೆ ಬಂದ ನೆನಪು ಅದು. ಕೈಗೆ ಸಿಕ್ಕ ಕೊಂಬೆ, ನೆಲಕ್ಕೆ ಬಡಿದ ಬೆನ್ನು. ಬರೆ ಹಾಕಿದ ಕೈ ಅಲ್ಲಿ ಮತ್ತೆ ಕೈಯಾಗುತ್ತದೆ. ಅವನು ನಮಿಜಿಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಓಡುತ್ತಾನೆ. ಒಬ್ಬನೇ ಓಡಿಹೋಗಿದ್ದರೆ ಅದು ಬರೀ ತಪ್ಪಿಸಿಕೊಂಡದ್ದಾಗುತ್ತಿತ್ತು.

ಅಂಜು ಹಿಂದೆ ಉಳಿದು ಕಾವಲಿನವರನ್ನು ತಡೆಯುತ್ತಾಳೆ. ಹಿಡಿದು ಹಿಂಸೆ ಕೊಟ್ಟರೆ ಅಣ್ಣ ಹೋದ ದಾರಿ ಬಾಯಿಂದ ಬಂದೀತೆಂದು ಗೊತ್ತು. ಜೀತದ ಹೆಂಗಸೇ ಆದ ಒಬ್ಬಳು ಮುದುಕಿ ಅವಳನ್ನು ಬಿಟ್ಟುಕೊಡುತ್ತಾಳೆ. ಅಂಜು ಕೆರೆಗೆ ನಡೆದು ಹೋಗುತ್ತಾಳೆ. ಓಡುವುದಿಲ್ಲ, ಅಳುವುದಿಲ್ಲ. ಮುದುಕಿ ಮೊಣಕಾಲೂರಿ ಕೈಮುಗಿಯುತ್ತಾಳೆ. ಮತ್ತೆ ನೋಡಿದರೆ ನೀರಿನ ಮೇಲೆ ಬಳೆಬಳೆಯಾಗಿ ಸುತ್ತು ಅಷ್ಟೇ.

ಎಂಥ ಸುಂದರ ಸಾವು ಎಂದು ಬರೆದವರಿದ್ದಾರೆ. ನಮ್ಮ ಹೆಣ್ಣುಮಕ್ಕಳು ಒಪ್ಪಲಿಲ್ಲ. ಒಬ್ಬಳು ನೇರವಾಗಿ ಕೇಳಿದಳು: "ಯಾವಾಗ್ಲೂ ತಂಗೀನೇ ಯಾಕಣ್ಣ ಕೆರೆಗೆ ಹೋಗ್ಬೇಕು? ಅಣ್ಣ ನಿಂತು ತಂಗೀನ ಓಡಿಸ್ಬೋದಿತ್ತಲ್ಲ?" ಜನ ಹೇಳುತ್ತಿದ್ದ ಕತೆಯಲ್ಲಿ ಅಂಜು ಅಕ್ಕ, ಜುಶಿಯೊ ತಮ್ಮ. ಮಿಜೊಗುಚಿ ಅವಳನ್ನು ತಂಗಿ ಮಾಡಿದರು. ಈ ಮನುಷ್ಯನ ಜೀವನದಲ್ಲೇ ಇದಕ್ಕೊಂದು ಎಳೆ ಇದೆ. 1898ರಲ್ಲಿ ಹುಟ್ಟಿದವರು, ಅಪ್ಪನ ವ್ಯಾಪಾರ ಮುರಿದು ಮನೆ ಬೀದಿಗೆ ಬಂದಾಗ ಅಕ್ಕ ಸುಜುವನ್ನು ಬೇರೆಯವರಿಗೆ ಒಪ್ಪಿಸಿದರು, ಅವಳು ಗೀಷಾ ಆದಳು. ತಮ್ಮನನ್ನು ನೋಡಿಕೊಂಡವಳೂ ಅವಳೇ. ಅಕ್ಕನ ದೇಹದ ಬೆಲೆಯಲ್ಲಿ ಬೆಳೆದವರು ಜೀವಮಾನವೆಲ್ಲ ಮಾರಾಟವಾದ ಹೆಣ್ಣುಗಳ ಸಿನಿಮಾ ಮಾಡಿದರು. 1956ರಲ್ಲಿ ಜಪಾನಿನಲ್ಲಿ ವೇಶ್ಯಾವೃತ್ತಿ ವಿರುದ್ಧ ಕಾಯಿದೆ ಬಂತು. ಆ ವರ್ಷವೇ ಟೋಕಿಯೊದ ಸೂಳೆಗೇರಿಯ ಮೇಲಿನ ತಮ್ಮ ಕೊನೆಯ ಸಿನಿಮಾ ಮುಗಿಸಿ ಅವರು ಸತ್ತರು. ಋಣ ದೊಡ್ಡದು, ತೀರಿಸುವ ಮನಸ್ಸೂ ಇತ್ತು. ಆದರೆ ಋಣ ತೀರಿಸುವವನ ಕಣ್ಣಿಗೆ ಹೆಣ್ಣು ತ್ಯಾಗಮೂರ್ತಿಯಾಗಿ ಕಾಣುವುದು ಸುಲಭ. ಬದುಕಿ ಜಗಳ ಆಡುವವಳಾಗಿ ಕಾಣುವುದು ಕಷ್ಟ. ಕೇರಿಯ ಹುಡುಗಿ ಕೇಳಿದ ಪ್ರಶ್ನೆಗೆ ಸಿನಿಮಾದ ಒಳಗೆ ಉತ್ತರ ಇಲ್ಲ.

ಈಗ ರಾಜಧಾನಿಗೆ ಬರೋಣ. ಜುಶಿಯೊ ಅರ್ಜಿ ಹಿಡಿದುಕೊಂಡು ಮಹಾಮಂತ್ರಿಯ ಮುಂದೆ ಬೀಳುತ್ತಾನೆ. ಹಿಡಿದು ಸೆರೆಗೆ ಹಾಕುತ್ತಾರೆ. ಹರಕು ಬಟ್ಟೆಯವನ ಅರ್ಜಿಗೆ ಸಿಗುವ ಮರ್ಯಾದೆ ಅದು. ಆಮೇಲೆ ಅವನ ಬಳಿ ಇದ್ದ ಕನ್ನೊನ್ ವಿಗ್ರಹ ನೋಡುತ್ತಾರೆ. ಇದು ಇಂಥ ಮನೆತನದ್ದಲ್ಲವೇ ಎಂದು ಗುರುತು ಹತ್ತುತ್ತದೆ. ಸೆರೆಯಲ್ಲಿದ್ದವನು ಎದ್ದು ಬಂದು ಅಧಿಕಾರಿಯಾಗುತ್ತಾನೆ! ಅರ್ಜಿಯಲ್ಲಿ ಒಂದಕ್ಷರ ಬದಲಾಗಿಲ್ಲ. ಅರ್ಜಿದಾರನ ಅಪ್ಪನ ಹೆಸರು ಗೊತ್ತಾಯಿತು ಅಷ್ಟೇ. ಅದೇ ಅರ್ಜಿಯನ್ನು ಬರೆ ಹಾಕಿಸಿಕೊಂಡ ಆ ಮುದುಕ ತಂದಿದ್ದರೆ? ನಮಿಜಿ ತಂದಿದ್ದರೆ? ಕೊಹಗಿ ತಂದಿದ್ದರೆ? ಸೆರೆಮನೆಯ ಬಾಗಿಲು ಇನ್ನೂ ಮುಚ್ಚಿಯೇ ಇರುತ್ತಿತ್ತು. ಮನುಷ್ಯರೆಲ್ಲ ಸಮ ಎಂಬ ಅಪ್ಪನ ಮಾತನ್ನು ಜಾರಿಗೆ ತರಲು ಅಪ್ಪನ ಕುಲವೇ ಬೇಕಾಯಿತು. ಹುಟ್ಟಿನಿಂದ ಗುಣ ಬರುವುದಿಲ್ಲ ಎಂದು ಒಂದು ಕಡೆ ತೋರಿಸಿದ ಸಿನಿಮಾ, ಹುಟ್ಟಿಲ್ಲದವನಿಗೆ ಅಧಿಕಾರ ಬರುವುದಿಲ್ಲ ಎಂಬುದನ್ನು ಇನ್ನೊಂದು ಕಡೆ ತಲೆ ತಗ್ಗಿಸಿ ಒಪ್ಪಿಕೊಂಡಿದೆ.

ಆಜ್ಞೆಯ ಭಾಗವನ್ನು ಮಾತ್ರ ಮಿಜೊಗುಚಿ ಕಣ್ಣು ಬಿಟ್ಟು ಮಾಡಿದ್ದಾರೆ. ಖಾಸಗಿ ಜಹಗೀರಿನ ಒಳಗೆ ಸೀಮೆಯ ಅಧಿಕಾರಿ ಕೈ ಹಾಕುವ ಹಾಗಿಲ್ಲ ಎಂದು ಮಹಾಮಂತ್ರಿ ಮೊದಲೇ ಎಚ್ಚರಿಸುತ್ತಾನೆ. ಸಂಶೊ ನಡೆಸುತ್ತಿರುವುದು ಬಲಗಡೆಯ ಮಂತ್ರಿ ಎಂಬ ದೊಡ್ಡ ಪದವಿಯವನ ಜಹಗೀರು. ಆದರೂ ಜುಶಿಯೊ ಸರ್ಕಾರಿ ನೆಲ, ಖಾಸಗಿ ನೆಲ ಎರಡರಲ್ಲೂ ಮನುಷ್ಯರನ್ನು ಕೊಳ್ಳುವುದು ಮಾರುವುದು ಅಪರಾಧ ಎಂದು ಹಲಗೆ ಬರೆಸಿ ನೆಡಿಸುತ್ತಾನೆ. ಸಂಶೊನ ಆಳುಗಳು ಬಂದು ಹಲಗೆ ಕಿತ್ತು ಮುರಿಯುತ್ತಾರೆ. ಕಾನೂನು ಎಂದರೆ ಮರದ ಹಲಗೆ, ಅದರ ಹಿಂದೆ ಜನ ನಿಲ್ಲದಿದ್ದರೆ ಒಲೆಗೆ ಸೌದೆ ಎಂಬುದನ್ನು ಒಂದು ಭಾಷಣವೂ ಇಲ್ಲದೆ ತೋರಿಸಿದ್ದಾರೆ.

ಇಲ್ಲಿ ಕತೆಯ ಹಿಂದಕ್ಕೆ ಹೋಗಬೇಕು. ಇದನ್ನು ಮೊದಲು ಹೇಳಿದವರು ಯಾರು? 'ಸೆಕ್ಯೊ' ಎನ್ನುವ ಕತೆಗಾರರು. ಊರಿಂದೂರಿಗೆ ಅಲೆಯುತ್ತಾ, ಸೀಳಿದ ಬಿದಿರನ್ನು ಕರಕರ ಉಜ್ಜಿ ತಾಳ ಹಾಕುತ್ತಾ, ಗುಡಿಯ ಮುಂದೆ, ದಾರಿಯ ಪಕ್ಕ ಹಾಡಿ ಹೇಳುತ್ತಿದ್ದ ಕೀಳು ಎನ್ನಿಸಿಕೊಂಡ ಜನ. ತಂಬೂರಿ ಹಿಡಿದು ಮಂಟೇಸ್ವಾಮಿ ಕತೆ ಹೇಳುವ ನಮ್ಮ ನೀಲಗಾರರನ್ನು ಕೇಳಿದವರಿಗೆ ಆ ದನಿ ಹೇಗಿದ್ದೀತೆಂದು ಊಹಿಸುವುದು ಕಷ್ಟವಲ್ಲ. ಅವರ ಕತೆ ಅಚ್ಚಾದದ್ದು 17ನೆಯ ಶತಮಾನದಲ್ಲಿ. ಸಂಶೊ ಎಂಬ ಹೆಸರಿನ ಬೇರು 'ಸಂಜೊ' ಎಂಬ ಮಾತಿನಲ್ಲಿದೆ ಎಂದು ಇತಿಹಾಸಕಾರ ಹಯಾಶಿಯಾ ತತ್ಸುಸಾಬುರೊ ವಾದಿಸಿದ್ದಾರೆ. ಸಂಜೊ ಎಂದರೆ ಒಡೆಯರ ನೆಲದ ಅಂಚಿನಲ್ಲಿ ಕೂತು ಕೀಳು ಕೆಲಸ ಮಾಡಿಕೊಂಡಿದ್ದವರ ಜಾಗ. ಆ ಜನರನ್ನು ಹಿಡಿತದಲ್ಲಿಟ್ಟುಕೊಂಡ ಯಜಮಾನನೇ ಸಂಶೊ ದಾಯು. ಹಾಗಾದರೆ ಈ ಕತೆ ಜೀತಗಾರರೇ ತಮ್ಮ ಯಜಮಾನನ ಮೇಲೆ ಕಟ್ಟಿದ ಕತೆ.

ಅವರು ಹೇಗೆ ಮುಗಿಸಿದರು ಗೊತ್ತೇ? ಅವರ ಕತೆಯಲ್ಲಿ ಅಂಜು ಸದ್ದಿಲ್ಲದೆ ಕೆರೆಗೆ ಇಳಿಯುವುದಿಲ್ಲ. ಬೆಂಕಿಯಿಂದ, ನೀರಿನಿಂದ ಹಿಂಸಿಸಿ ಕೊಲ್ಲುತ್ತಾರೆ. ಜುಶಿಯೊ ಅಧಿಕಾರಿಯಾಗಿ ಬಂದು ಸಂಶೊನನ್ನು ಹೆಗಲವರೆಗೆ ಹೂಳಿಸಿ, ಬಿದಿರಿನ ಗರಗಸದಿಂದ ಕತ್ತು ಕೊಯ್ಯಿಸುತ್ತಾನೆ. ಗರಗಸ ಎಳೆಯಬೇಕಾದವನು ಸಂಶೊನ ಸ್ವಂತ ಮಗ. ಬಿದಿರು ಬೇಗ ಕೊಯ್ಯುವುದಿಲ್ಲ. ಕೇಳುವವರಿಗೂ ಅವಸರ ಇರಲಿಲ್ಲ.

1915ರಲ್ಲಿ ಮೋರಿ ಓಗಾಯ್ ಎಂಬ ದೊಡ್ಡ ಲೇಖಕರು ಇದನ್ನು ಸಣ್ಣಕತೆಯಾಗಿ ಬರೆದರು. ಸೈನ್ಯದ ವೈದ್ಯಶಾಖೆಯಲ್ಲಿ ಎಲ್ಲಕ್ಕಿಂತ ಮೇಲಿನ ಹುದ್ದೆಯಲ್ಲಿದ್ದವರು. ಅವರ ಕತೆಯಲ್ಲಿ ಹಿಂಸೆ ಇಲ್ಲ. ಬರೆ ಬೀಳುವುದೂ ಕನಸಿನಲ್ಲಿ. ಗರಗಸ ಮಾಯ. ಆಜ್ಞೆ ಬಂದಮೇಲೆ ಸಂಶೊ ಆಳುಗಳನ್ನು ಬಿಟ್ಟು ಕೂಲಿ ಕೊಡತೊಡಗುತ್ತಾನೆ. ಮೊದಲು ನಷ್ಟ ಅನ್ನಿಸಿದರೂ ಕೊನೆಗೆ ಮೊದಲಿಗಿಂತ ಹೆಚ್ಚು ಶ್ರೀಮಂತನಾಗುತ್ತಾನೆ! ಇದನ್ನು ಓದಿ ನಾವು ನಕ್ಕೆವು, ಆಮೇಲೆ ನಗು ನಿಂತಿತು. ಮೇಲಿನವರ ಲೇಖನಿ ಗರಗಸವನ್ನು ಕಿತ್ತುಹಾಕಿತು, ನಿಜ. ಆದರೆ ಒಂದು ಸತ್ಯವನ್ನು ಗೊತ್ತಿದ್ದೋ ಗೊತ್ತಿಲ್ಲದೆಯೋ ಹೇಳಿಬಿಟ್ಟಿತು. ಜೀತ ಹೋಗಿ ಕೂಲಿ ಬಂದರೆ ಒಡೆಯನಿಗೆ ಸೋಲಾಗಲೇಬೇಕೆಂದಿಲ್ಲ.

ಮಿಜೊಗುಚಿ, ಮತ್ತು ಅವರಿಗೆ ಚಿತ್ರಕತೆ ಬರೆದ ಯಾಹಿರೊ ಫುಜಿ, ಯೋಡಾ ಯೋಶಿಕಾತಾ, ಇವೆರಡರ ನಡುವೆ ನಿಂತರು. ಸಂಶೊನ ಕತ್ತು ಕೊಯ್ಯಲಿಲ್ಲ, ಶ್ರೀಮಂತನಾಗಲೂ ಬಿಡಲಿಲ್ಲ. ಗಡಿಪಾರು ಮಾಡಿದರು. ಬಿಡುಗಡೆಯಾದ ಆಳುಗಳಿಗೆ ಒಂದು ರಾತ್ರಿ ಕೊಟ್ಟರು. ಆ ರಾತ್ರಿ ಅವರು ಒಡೆಯನ ಮನೆಗೆ ನುಗ್ಗಿ, ಉಂಡು, ಕುಡಿದು, ಕುಣಿದು, ಮನೆಗೆ ಬೆಂಕಿ ಇಡುತ್ತಾರೆ. ಇಡೀ ಸಿನಿಮಾದಲ್ಲಿ ಜೀತದವರು ತಾವಾಗಿ ಮಾಡುವ ದೊಡ್ಡ ಕೆಲಸ ಇದೊಂದೇ. ಅದು ಕುಡುಕರ ಗಲಾಟೆಯ ಹಾಗೆ ಕಾಣುವಂತೆ ಚಿತ್ರಿಸಿದ್ದಾರೆ. ಅಂಜುವಿನ ಸಾವಿಗೆ ಸಿಕ್ಕ ಗೌರವ ಇವರ ಬಿಡುಗಡೆಗೆ ಸಿಗಲಿಲ್ಲ. ಇವರಲ್ಲಿ ಬಹುಪಾಲು ಜನಕ್ಕೆ ಹೆಸರೂ ಇಲ್ಲ.

ಬೆಳಗಾದ ಮೇಲೆ ಇವರೆಲ್ಲ ಏನು ಮಾಡಿದರು? ಸಿನಿಮಾ ಹೇಳುವುದಿಲ್ಲ. ಹಲಗೆ ನೆಟ್ಟ ಅಧಿಕಾರಿ ರಾಜೀನಾಮೆ ಕೊಟ್ಟು ಹೊರಟಿದ್ದಾನೆ. ಜಹಗೀರು ಇನ್ನೂ ಬಲಗಡೆಯ ಮಂತ್ರಿಯದೇ. ಹೊಸ ಪಾರುಪತ್ಯಗಾರ ಬರುವುದಿಲ್ಲವೇ? ಸುಟ್ಟ ಮನೆಯನ್ನು ಮತ್ತೆ ಕಟ್ಟುವ ಕಲ್ಲು ಯಾರು ಹೊರುತ್ತಾರೆ?

ನಮ್ಮ ಭವನದಲ್ಲಿ ದೊಡ್ಡ ಜಗಳ ಎದ್ದದ್ದು ಇಲ್ಲೇ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿರುವ ನಮ್ಮ ಅಣ್ಣ ಒಬ್ಬರು ಹೇಳಿದರು: "ಅವ್ನು ಕುರ್ಚಿ ಬಿಡಬಾರದಿತ್ತು ಕಣ್ರೋ. ಒಬ್ಬ ಹತ್ತೋದೇ ಕಷ್ಟ. ಹತ್ತಿದೋನೂ ಇಳಿದುಬಿಟ್ರೆ ಫೈಲು ಯಾರ್ ನೋಡ್ತಾರೆ?" ಇನ್ನೊಬ್ಬ ಹುಡುಗ ತಿರುಗಿಬಿದ್ದ: "ಕೂತಿದ್ರೆ ನಾಳೆ ಅವ್ನೇ ಸಂಶೊ ಆಗ್ತಿದ್ದ ಅಣ್ಣ. ಒಂದ್ಸಲ ಬರೆ ಹಾಕಿದ ಕೈ ಅದು." ಇಬ್ಬರ ಮಾತೂ ನಮ್ಮದೇ. ಮೀಸಲಾತಿಯಲ್ಲಿ ಕುರ್ಚಿ ಹತ್ತಿದ ನಮ್ಮವರನ್ನು ನೋಡಿ ನಾವು ದಿನಾ ಆಡುವ ಎರಡು ಮಾತು.

ನಮಗೆ ಕಂಡದ್ದು ಇದು. ರಾಜೀನಾಮೆ ಕೊಟ್ಟದ್ದು ತಪ್ಪೋ ಸರಿಯೋ ಎನ್ನುವುದಕ್ಕಿಂತ, ಕೊಟ್ಟು ಎಲ್ಲಿಗೆ ಹೋದ ಎಂಬುದು ಮುಖ್ಯ. 1951ರಲ್ಲಿ ಬಾಬಾಸಾಹೇಬರೂ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಹೆಣ್ಣುಮಕ್ಕಳಿಗೆ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್ಲನ್ನು ನಡುದಾರಿಯಲ್ಲಿ ಕೈಬಿಟ್ಟದ್ದು ಅದಕ್ಕೆ ದೊಡ್ಡ ಕಾರಣ. ಆದರೆ ಅವರು ಎದ್ದುಹೋದದ್ದು ಮನೆಗಲ್ಲ, ಜನರ ನಡುವೆ. 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರ ಜತೆ ನಿಂತರು. ಜುಶಿಯೊ ಹೋದದ್ದು ತಾಯಿಯ ಹತ್ತಿರ. ತಾಯಿಯನ್ನು ಹುಡುಕುವುದು ಸಣ್ಣ ಕೆಲಸ ಎಂದು ನಾವು ಹೇಳುವುದಿಲ್ಲ. ಆದರೆ ಅವನ ಹಿಂದೆ ನೂರಾರು ತಾಯಂದಿರು ಸುಟ್ಟ ಮನೆಯ ಬೂದಿಯಲ್ಲಿ ನಿಂತಿದ್ದಾರೆ.

ಬೆಳಗಾದ ಮೇಲಿನ ಕತೆ ನಮಗೆ ಗೊತ್ತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯಿದೆಯಾಯಿತು. ಸಾಲವೆಲ್ಲ ಮಾಫಿ, ಜೀತದವನು ಸ್ವತಂತ್ರ ಎಂದು ಬರೆಯಿತು. ನಮ್ಮ ಅಪ್ಪಂದಿರಲ್ಲಿ ಕೆಲವರು ಆ ವಿಷಯ ಕೇಳಿದ್ದು ಧಣಿಯ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಾ. ಮಾರನೆಯ ದಿನ ಒಲೆಗೆ ಏನು ಇಡುವುದು? ಭೂಮಿ ಇಲ್ಲ, ಬೀಜ ಇಲ್ಲ, ಎತ್ತಿಲ್ಲ. ಬಿಡುಗಡೆಯಾದವನು ಸಂಜೆಗೆ ಮತ್ತೆ ಅದೇ ಹಟ್ಟಿಯ ಬಾಗಿಲಿಗೆ ಹೋಗಿ, ಈ ಸಲ ಜೀತದ ಬದಲು ಕೂಲಿ ಎಂಬ ಹೆಸರಿನಲ್ಲಿ, ಅದೇ ಸಗಣಿ ಬಾಚಿದ. ಕಾಯಿದೆ ಸುಳ್ಳಲ್ಲ. ಅದಿಲ್ಲದಿದ್ದರೆ ನಾವು ಇವತ್ತು ಈ ಸಾಲು ಬರೆಯುತ್ತಿರಲಿಲ್ಲ. ಆದರೆ ಕಾಯಿದೆಯ ಮಾರನೆಯ ದಿನವೇ ನಿಜವಾದ ಕಾಯಿದೆ ಶುರುವಾಗುವುದು.

ಜಪಾನಿನಲ್ಲೂ ಹೀಗೇ ಆಯಿತು. ಅಲ್ಲೂ ಮುಟ್ಟಬಾರದವರಿದ್ದರು. ಸತ್ತ ದನ ಎಳೆಯುವವರು, ಚರ್ಮ ಹದ ಮಾಡುವವರು. ಎತಾ, ಹಿನಿನ್ ಎಂದು ಕರೆದು ಊರಾಚೆ ಇಟ್ಟಿದ್ದರು. ಎತಾ ಎಂದರೆ ಹೊಲಸು ತುಂಬಿದವರು, ಹಿನಿನ್ ಎಂದರೆ ಮನುಷ್ಯರಲ್ಲದವರು. 1871ರಲ್ಲಿ ಸರ್ಕಾರ ಒಂದು ಆಜ್ಞೆ ಹೊರಡಿಸಿ ಈ ಹೆಸರುಗಳನ್ನು ರದ್ದು ಮಾಡಿತು. ಸಿನಿಮಾದ ಹಲಗೆಯ ಹಾಗೆಯೇ. 1873ರಲ್ಲಿ ಮಿಮಾಸಾಕಾ ಎಂಬಲ್ಲಿ ರೈತರು ದಂಗೆಯೆದ್ದರು. ಸರ್ಕಾರದ ಮೇಲಿನ ಸಿಟ್ಟನ್ನು ಈ ಜನರ ಕೇರಿಗಳ ಮೇಲೆ ತೀರಿಸಿಕೊಂಡು ಮನೆ ಸುಟ್ಟರು, ಕೊಂದರು. ತಮ್ಮ ಸಮ ಆದರಲ್ಲ ಎಂಬ ಹೊಟ್ಟೆಕಿಚ್ಚು ಅದರಲ್ಲಿ ಸೇರಿತ್ತು. 1872ರಲ್ಲಿ ಸೂಳೆಮನೆಗೆ ಮಾರಿದ ಹೆಣ್ಣುಗಳನ್ನು ಬಿಡಬೇಕೆಂದು ಇನ್ನೊಂದು ಆಜ್ಞೆ ಬಂತು. ಮಾರಾಟ ಎನ್ನುವ ಬದಲು ಸಾಲ ಎಂದು ಬರೆದುಕೊಂಡು ವ್ಯಾಪಾರ ಮುಂದುವರಿಯಿತು.

ಕೊನೆಗೆ ಆ ಜನ ತಾವೇ ಎದ್ದರು. 1922ರ ಮಾರ್ಚ್ 3ರಂದು ಕ್ಯೋತೊ ನಗರದಲ್ಲಿ ಸುಯ್‌ಹೇಶಾ ಎಂಬ ಸಂಘ ಕಟ್ಟಿದರು. ನೀರಿನ ಮಟ್ಟದಂತೆ ಸಮ ಎನ್ನುವವರ ಸಂಘ ಎಂದು ಆ ಹೆಸರಿನ ಅರ್ಥ. ಅವರ ಘೋಷಣೆಯ ಸಾರ ಇಷ್ಟು: ಐವತ್ತು ವರ್ಷದಿಂದ ಬೇರೆಯವರು ನಮಗಾಗಿ ಮಾಡಿದ್ದು ಫಲ ಕೊಡಲಿಲ್ಲ, ಅಯ್ಯೋ ಪಾಪ ಎನ್ನುವ ಕನಿಕರ ನಮ್ಮನ್ನು ಇನ್ನೂ ಕೆಳಕ್ಕೆ ತಳ್ಳಿತು, ಮನುಷ್ಯನನ್ನು ಗೌರವಿಸುವುದರಿಂದಲೇ ಬಿಡುಗಡೆ, ಆ ಬಿಡುಗಡೆಯನ್ನು ನಾವೇ ಸಾಧಿಸುತ್ತೇವೆ.

ಮಸಾವುಜಿಯ ಉಪದೇಶದ ಪಕ್ಕದಲ್ಲಿ ಈ ಘೋಷಣೆಯನ್ನು ಇಟ್ಟು ನೋಡಿ. ಅಲ್ಲಿ ಕರುಣೆ, ಇಲ್ಲಿ ಗೌರವ. ಕರುಣೆ ಮೇಲಿನಿಂದ ಕೆಳಕ್ಕೆ ಸುರಿಯುವ ನೀರು, ಸುರಿಯುವವನು ಕೊಡ ಎತ್ತಿಕೊಂಡರೆ ನಿಂತುಹೋಗುತ್ತದೆ. ಬೊಗಸೆಯೊಡ್ಡಿ ನೀರು ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿಜೊಗುಚಿ ಸಿನಿಮಾ ಮಾಡುವ ಹೊತ್ತಿಗೆ ಈ ಘೋಷಣೆಗೆ 32 ವರ್ಷ. ಹುಟ್ಟಿನ ಮೇಲೆ ಭೇದ ಮಾಡಬಾರದೆಂದು ಜಪಾನಿನ ಹೊಸ ಸಂವಿಧಾನ ಬಂದು 7 ವರ್ಷ. ಅಂಥ ಕಾಲದಲ್ಲಿ ನಿಂತು ಅವರು ಕರುಣೆಯನ್ನೇ ಕೊನೆಯ ಮಾತಾಗಿ ಆರಿಸಿಕೊಂಡರು. ಇದು ನಮ್ಮ ತಕರಾರು.

ಹಾಗಂತ ಈ ಸಿನಿಮಾವನ್ನು ಬಿಟ್ಟುಕೊಡಲು ನಾವು ತಯಾರಿಲ್ಲ. ಕೊನೆಯ ದೃಶ್ಯದಲ್ಲಿ ಕಡಲು ಉಕ್ಕಿ ಊರನ್ನು ಬಳಿದುಕೊಂಡು ಹೋಗಿದೆ. ಕುರುಡಿ ತಾಯಿ ಮಗನನ್ನು ನಂಬುವುದಿಲ್ಲ. ಯಾರೋ ಗೇಲಿ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಾಳೆ. ವಿಗ್ರಹ ಕೈಗಿಟ್ಟಾಗ ತಡವಿ ತಡವಿ ಗುರುತು ಹಿಡಿಯುತ್ತಾಳೆ. ಅಪ್ಪ ಇಲ್ಲ, ಅಂಜು ಇಲ್ಲ, ಪದವಿ ಇಲ್ಲ. ಮಗ ಕ್ಷಮೆ ಕೇಳುತ್ತಾನೆ. ಅಪ್ಪನ ಮಾತಿನಂತೆ ನಡೆದೆ, ಅದಕ್ಕೇ ನಾವು ಸೇರಿದೆವು ಎಂದು ತಾಯಿ ಹೇಳುತ್ತಾಳೆ. ಅಷ್ಟರಲ್ಲಿ ಕ್ಯಾಮರಾ ಅವರಿಬ್ಬರನ್ನೂ ಬಿಟ್ಟು ಮೆಲ್ಲಗೆ ತಿರುಗುತ್ತದೆ. ದಂಡೆಯಲ್ಲಿ ಒಬ್ಬ ಮನುಷ್ಯ ಕಡಲ ಸೊಪ್ಪನ್ನು ಒಣಗಹಾಕುತ್ತಿದ್ದಾನೆ. ಅವನಿಗೆ ಇವರ ಕತೆ ಗೊತ್ತಿಲ್ಲ. ತಿರುಗಿ ನೋಡುವುದೂ ಇಲ್ಲ. ಬಿಸಿಲು ಹೋಗುವುದರೊಳಗೆ ಸೊಪ್ಪು ಹರಡಬೇಕು.

ಪ್ರಕೃತಿಯ ಶಾಂತಿ, ಜಗತ್ತಿನ ನಿರಂತರತೆ ಎಂದು ವಿಮರ್ಶಕರು ಈ ದೃಶ್ಯಕ್ಕೆ ಕೈಮುಗಿದಿದ್ದಾರೆ. ನಮಗೆ ಅಲ್ಲಿ ಕಂಡದ್ದು ಒಬ್ಬ ಕೆಲಸಗಾರ. ದೊಡ್ಡ ಮನೆತನದವರ ಕತೆ ಮುಗಿದ ಕಡೆ ಕ್ಯಾಮರಾಕ್ಕೆ ಕೊನೆಗೂ ಅವನು ಕಂಡ. ಅವನಿಗೆ ಹೆಸರಿಲ್ಲ, ಮಾತಿಲ್ಲ. ಸಿನಿಮಾ ಅವನ ಹತ್ತಿರ ಹೋಗುವಷ್ಟರಲ್ಲಿ ಮುಗಿದುಹೋಗುತ್ತದೆ. ಅಲ್ಲಿಂದ ಮುಂದಿನದನ್ನು ಮಿಜೊಗುಚಿ ಹೇಳಲಾರರು. ಅದನ್ನು ಆ ಸೊಪ್ಪು ಒಣಗಿಸುವವನೇ ಹೇಳಬೇಕು, ತನ್ನ ಬಾಯಲ್ಲಿ, ತನ್ನ ಹೆಸರಿಟ್ಟು.